ಊರ ಪಕ್ಕದಲ್ಲೇ ಸಿಮೆಂಟ್ ಫ್ಯಾಕ್ಟರಿ, ತಮ್ಮ ಮಾತ್ರ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ. ಬಂಡವಾಳ ಬಂದ ಕಡೆ ಕೆಲಸ ಯಾಕೆ ಬರಲ್ಲ?

ಕಾಗಿಣಾ_ದಂಡೆ
ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು. ಮನೆಗೆ ಆರು ಎಕರೆ ಹೊಲ ಇದೆ, ಪೂರ್ತಿ ಮಳೆ ನಂಬಿದ ಹೊಲ. ತೊಗರಿ ಬೆಳೆಯುತ್ತೇವೆ. ಮಳೆ ಸರಿಯಾಗಿ ಬಂದ ವರ್ಷ ಹೆಸರುಕಾಳೂ ಆಗುತ್ತದೆ.

ಈಗ ಒಂದು ಕಂಪನಿಯವರು ಸುಣ್ಣದಕಲ್ಲು ಗಣಿಗೆ ಅಂತ ನಮ್ಮ ಭಾಗದ ಹೊಲಗಳನ್ನು ಕೇಳುತ್ತಿದ್ದಾರೆ. ದಲ್ಲಾಳಿಗಳು ಮೂರು ಸಲ ಮನೆಗೆ ಬಂದು ಹೋದರು. ತಮ್ಮ ಫೋನಿನಲ್ಲಿ "ಕೊಟ್ಟುಬಿಡೋಣ ಅಣ್ಣ" ಅನ್ನುತ್ತಾನೆ. ಅಪ್ಪನನ್ನು ಕೇಳಿದರೆ ಮಾತೇ ಆಡಲ್ಲ, ಎದ್ದು ಹೊಲಕ್ಕೆ ಹೋಗಿಬಿಡುತ್ತಾರೆ. ನಾಲ್ಕಕ್ಷರ ಓದಿದವನು ಅಂತ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದಾರೆ.

ದರ ಎಷ್ಟು ಸಿಗುತ್ತದೆ ಅಂತ ಕೇಳೋಕೆ ನಾನು ಇಲ್ಲಿ ಬಂದಿಲ್ಲ. ವಾಡಿ, ಶಹಾಬಾದ್, ಮಳಖೇಡ, ಸೇಡಂ, ಚಿತ್ತಾಪುರ, ಎಲ್ಲಿ ನೋಡಿದರೂ ಸಿಮೆಂಟ್. ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಊರು. ಇವತ್ತು ಆ ಕಡೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಾರ್ಖಾನೆಯ ಚಿಮಣಿ. ದಶಕಗಳಿಂದ ಸಾವಿರಾರು ಕೋಟಿ ಇಲ್ಲಿ ಸುರಿದಿದ್ದಾರೆ. ಆದರೂ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ನೋಡಿ. ಕಲಬುರಗಿ, ವಾಡಿ, ಯಾದಗಿರಿ, ಪ್ರತಿ ಸ್ಟೇಷನ್ನಿನಲ್ಲೂ ಚೀಲ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಹತ್ತುವವರು ನಮ್ಮವರೇ.

ತಮ್ಮ ಐಟಿಐ ಫಿಟ್ಟರ್. ಹತ್ತಿರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೆಳಗೆ ಎಂಟು ತಿಂಗಳು ದುಡಿದ. ರಿಪೇರಿ ಹಂಗಾಮು ಮುಗಿದ ಮೇಲೆ ಕರೆಯಲೇ ಇಲ್ಲ. ಈಗ ಬೆಂಗಳೂರಿನ ಹೊರಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಂಟ್ರಿಂಗ್ ಕಟ್ಟುತ್ತಾನೆ, ಶೀಟಿನ ಶೆಡ್‌ನಲ್ಲಿ ಮಲಗುತ್ತಾನೆ. ಅಲ್ಲಿ ಬಂದು ಬೀಳುವ ಸಿಮೆಂಟ್ ಚೀಲದ ಮೇಲೆ ನಮ್ಮ ಕಡೆಯ ಊರಿನ ಹೆಸರು ಕಂಡು ಫೋಟೋ ತೆಗೆದು ಕಳಿಸಿದ್ದ.

ಇದು ಯಾಕೆ ಹೀಗೆ? ನಮ್ಮವರಿಗೆ ಕೆಲಸ ಬರಲ್ವಾ, ಅಥವಾ ಆ ಧಂದೆಯೇ ಹಂಗಾ? ತಿಳಿದವರು ಬಿಡಿಸಿ ಹೇಳ್ರಿ.

ಶಕ್ತಿನಗರ_ಬಸ್‌ಸ್ಟಾಪ್
ಭಾನುವಾರ, ಬೆಳಿಗ್ಗೆ 10:05

ಅಣ್ಣಾರೆ, ರಾಯಚೂರಲ್ಲೂ ಇದೇ ಕಥೆ. ಶಾಖೋತ್ಪನ್ನ ಕೇಂದ್ರ 1985ರಿಂದ ಉರಿಯುತ್ತಿದೆ. ಬೂದಿ ನಮ್ಮ ಕಡೆ, ಕರೆಂಟ್ ದೂರದ ಕಡೆ. ಉತ್ತರಕ್ಕೆ ಕಾಯುತ್ತೇನೆ.

ಅಂಕಿಗಳ_ಹಿಂದೆ
ಭಾನುವಾರ, ಮಧ್ಯಾಹ್ನ 12:30

ಕಾಗಿಣಾ ಅವರೇ, ನಾನು ಸಾಂಖ್ಯಿಕ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಆ ಧಂದೆಯೇ ಹಂಗೆ.

ಸಿಮೆಂಟ್ ಕಾರ್ಖಾನೆಗೆ ದುಡ್ಡು ಹೋಗುವುದು ಯಂತ್ರಕ್ಕೆ. ಕಲ್ಲು ಪುಡಿ ಮಾಡುವ ಗಿರಣಿ, ಆ ಪುಡಿ ಸುಡುವ ಉದ್ದನೆಯ ಗೂಡು, ಅದಕ್ಕೆ ಮೊದಲು ಪುಡಿ ಕಾಯಿಸುವ ಪ್ರೀಹೀಟರ್ ಗೋಪುರ, ಸ್ವಂತ ವಿದ್ಯುತ್ ಘಟಕ. ಇಷ್ಟನ್ನೂ ಒಂದು ಕಂಟ್ರೋಲ್ ರೂಮಿನಲ್ಲಿ ಕೂತ ಕೆಲವೇ ಜನ ನಡೆಸುತ್ತಾರೆ. ಸಾವಿರ ಕೋಟಿಗೂ ಜಾಸ್ತಿ ಹಾಕಿದ ಘಟಕದಲ್ಲಿ ಕಾಯಂ ನೌಕರರ ಲೆಕ್ಕ ಸಾಮಾನ್ಯವಾಗಿ ನೂರುಗಳಲ್ಲಿ ಇರುತ್ತದೆ. ಒಂದು ಕೋಟಿಗೆ ಒಂದು ಕಾಯಂ ಕೆಲಸವೂ ಹುಟ್ಟಲ್ಲ. ಅದರಲ್ಲಿ ದೊಡ್ಡ ಸಂಬಳದ ಹುದ್ದೆಗಳಿಗೆ ಬೇರೆ ಘಟಕಗಳಲ್ಲಿ ಪಳಗಿದವರನ್ನು ತರುತ್ತಾರೆ. ಸ್ಥಳೀಯರಿಗೆ ಉಳಿಯುವುದು ಲೋಡಿಂಗ್, ಪ್ಯಾಕಿಂಗ್, ಸೆಕ್ಯುರಿಟಿ, ತೋಟದ ಕೆಲಸ, ಮತ್ತೆ ವರ್ಷಕ್ಕೊಮ್ಮೆ ಗೂಡು ನಿಲ್ಲಿಸಿದಾಗ ಬರುವ ರಿಪೇರಿ. ನಿಮ್ಮ ತಮ್ಮನಿಗೆ ಸಿಕ್ಕಿದ್ದು ಅದೇ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಕಾರ್ಖಾನೆ ತನಗೆ ಬೇಕಾದ್ದನ್ನು ಎಲ್ಲಿ ಕೊಳ್ಳುತ್ತದೆ? ಕಲ್ಲು ತನ್ನದೇ ಗಣಿಯದು. ಕಲ್ಲಿದ್ದಲು ಹೊರಗಿನದು. ಬಿಡಿಭಾಗ ಹೊರಗಿನದು. ಊರಿಗೆ ನಿಜವಾಗಿ ದುಡ್ಡು ಇಳಿಯುವುದು ಲಾರಿ ಬಾಡಿಗೆಯಲ್ಲಿ, ಗ್ಯಾರೇಜು, ಟೈರು, ಖಾನಾವಳಿಗಳಲ್ಲಿ. ಅದು ಸಣ್ಣದೇನಲ್ಲ. ಆದರೆ ಅದನ್ನು ಹಿಡಿಯೋಕೆ ಲಾರಿ ಕೊಳ್ಳುವಷ್ಟು ಕೈಯಲ್ಲಿ ಇರಬೇಕು. ಹಾಗಾಗಿ ಮೊದಲೇ ಇದ್ದವರು ಇನ್ನಷ್ಟು ಮೇಲೆ ಹೋಗುತ್ತಾರೆ.

ಜಿಲ್ಲೆಯ ತಲಾ ಆದಾಯ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಓದುವಾಗ ಎಚ್ಚರ ಇರಲಿ. ಜಿಲ್ಲೆಯ ಗಡಿಯೊಳಗೆ ಎಷ್ಟು ಉತ್ಪಾದನೆ ಆಯಿತು ಅಂತ ಲೆಕ್ಕ ಹಾಕಿ, ಅದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಆ ಆದಾಯ ಯಾರ ಜೇಬಿಗೆ ಹೋಯಿತು ಅನ್ನೋದು ಆ ಲೆಕ್ಕದಲ್ಲಿ ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಯ ಲಾಭ ಮುಂಬೈಯಲ್ಲಿರುವ ಷೇರುದಾರರಿಗೆ ಹೋದರೂ, ಬಳ್ಳಾರಿ ಜಿಲ್ಲೆಯ ಪ್ರತಿಯೊಬ್ಬರ ಹೆಸರಲ್ಲೂ ಅದರ ಒಂದು ಪಾಲು ಬರೆದಿರುತ್ತದೆ. ಬರೆಯುವವರ ಸಾಲಿನಲ್ಲಿ ನಾನೂ ಇದ್ದೆ, ಆಗಿನಿಂದಲೂ ಇದು ನನಗೆ ನೋವಿನ ವಿಷಯ.

ಒಟ್ಟು ಚಿತ್ರ ಬೇಕಿದ್ದರೆ, ನಮ್ಮ ರಾಜ್ಯದ ಉತ್ಪಾದನೆಯಲ್ಲಿ ಸೇವಾ ವಲಯದ್ದೇ ಸುಮಾರು ಮೂರನೇ ಎರಡು ಪಾಲು. ಬೆಂಗಳೂರು ನಗರ ಜಿಲ್ಲೆ ಒಂದೇ ರಾಜ್ಯದ ಆದಾಯದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಡುತ್ತದೆ. ದೇಶದ ಮಟ್ಟದಲ್ಲಿ ನೋಡಿದರೆ 2023-24ರಲ್ಲೂ ದುಡಿಯುವ ನೂರು ಜನರಲ್ಲಿ 46 ಜನ ಕೃಷಿಯಲ್ಲೇ ಇದ್ದರು. ಕೃಷಿಯಿಂದ ಬರುವ ಆದಾಯ ನೂರಕ್ಕೆ 18ರ ಆಸುಪಾಸು. ಅರ್ಧದಷ್ಟು ಜನ ಐದನೇ ಒಂದು ಪಾಲನ್ನೂ ಪೂರ್ತಿ ಕಾಣದೆ ಹಂಚಿಕೊಂಡು ತಿನ್ನುತ್ತಿದ್ದಾರೆ. ಕಲಬುರಗಿಯ ತಲಾ ಆದಾಯ ಜಿಲ್ಲೆಗಳ ಪಟ್ಟಿಯಲ್ಲಿ ಪದೇ ಪದೇ ಕೊನೆಗೆ ಬರುವುದಕ್ಕೆ ಇದೂ ಒಂದು ಕಾರಣ.

ಪಾವಗಡದವಳು
ಭಾನುವಾರ, ಸಂಜೆ 6:15

ಅಣ್ಣ, ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತೊಗರಿ ಹೊಲದಲ್ಲಿ ಕಳೆ ಕೀಳೋಕೆ, ರಾಶಿ ಮಾಡೋಕೆ ಯಾರು ಬರುತ್ತಾರೆ?

ಯಾಕೆ ಕೇಳಿದೆ ಅಂದರೆ, ನಮ್ಮ ಕಡೆ ಸೋಲಾರ್ ಪಾರ್ಕ್ ಬಂತು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆಗೆ ತೆಗೆದುಕೊಂಡರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಜಾಸ್ತಿ. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಬರದ ನಾಡು ನಮ್ಮದು. ಮಳೆ ಇಲ್ಲದೆ ಕಡಲೆಕಾಯಿ ಒಣಗುವುದನ್ನು ನೋಡಿ ನೋಡಿ ಸಾಕಾಗಿದ್ದವರಿಗೆ ಅದು ದೊಡ್ಡ ಆಸರೆ. ಹತ್ತು ಎಕರೆ ಇದ್ದವರು ಮನೆ ಕಟ್ಟಿಸಿದರು, ಮಕ್ಕಳನ್ನು ತುಮಕೂರು, ಬೆಂಗಳೂರಲ್ಲಿ ಓದಿಸಿದರು. ನಾನು ಅದನ್ನು ಖಂಡಿತ ಕೆಟ್ಟದು ಅನ್ನಲ್ಲ.

ನಮ್ಮ ಮನೆಗೆ ಜಮೀನು ಇರಲಿಲ್ಲ. ಅಮ್ಮ ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕೀಳೋಕೆ, ಬಿಡಿಸೋಕೆ ಹೋಗುತ್ತಿದ್ದರು. ಎರಡು ಕುರಿ, ಒಂದು ಹಸು ಇತ್ತು. ಮೇಯಿಸೋಕೆ ಬಯಲು ಇತ್ತು. ಬೇಲಿ ಬಿದ್ದ ಮೇಲೆ ಕೂಲಿಯೂ ಹೋಯಿತು, ಬಯಲೂ ಹೋಯಿತು, ಕುರಿ ಮಾರಿದೆವು. ಕೈಗೆ ಒಂದು ರೂಪಾಯಿ ಪರಿಹಾರ ಬರಲಿಲ್ಲ, ಯಾಕಂದರೆ ನಮ್ಮ ಹೆಸರಲ್ಲಿ ಪಹಣಿ ಇರಲಿಲ್ಲ. ಪ್ಯಾನೆಲ್ ಒರೆಸುವುದು, ಹುಲ್ಲು ಕತ್ತರಿಸುವುದು, ಕಾವಲು, ಇಷ್ಟೇ ಕೆಲಸ. ಅದಕ್ಕೂ ಜಮೀನು ಕೊಟ್ಟವರ ಮನೆಯವರದ್ದೇ ಮೊದಲ ಸಾಲು.

ಒಂದೇ ಊರು, ಒಂದೇ ಯೋಜನೆ. ಒಬ್ಬರ ಮನೆಗೆ ಪಿಂಚಣಿ ಬಂದ ಹಾಗೆ ಆಯಿತು, ಪಕ್ಕದ ಮನೆಯವರು ಗಂಟು ಕಟ್ಟಿದರು. ನಿಮ್ಮ ಆರು ಎಕರೆ ಲೆಕ್ಕ ಹಾಕುವಾಗ ಇದನ್ನೂ ನೋಡಿ ಅಣ್ಣ.

ಕಾಗಿಣಾ_ದಂಡೆ
ಭಾನುವಾರ, ರಾತ್ರಿ 9:50

ಅಕ್ಕಾರೆ, ಬೇಜಾರೇನಿಲ್ಲ. ಪಕ್ಕದ ಓಣಿಯ ಎಂಟು ಹೆಣ್ಣುಮಕ್ಕಳು ಬರುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಅವರೇ. ಇಷ್ಟು ದಿನ ಈ ಮಾತು ನನ್ನ ತಲೆಗೆ ಬಂದಿರಲಿಲ್ಲ. ನಿಜವಾಗಿಯೂ ಬಂದಿರಲಿಲ್ಲ.

ಪೀಣ್ಯ_ಲೇತ್
ಸೋಮವಾರ, ಬೆಳಿಗ್ಗೆ 7:20

ಎಲ್ಲರ ಮಾತಿಗೂ ಗೌರವ ಇದೆ. ಆದರೆ ಚರ್ಚೆ "ಬೆಂಗಳೂರು ಎಲ್ಲ ನುಂಗಿತು" ಅನ್ನುವ ಕಡೆ ಹೋಗುತ್ತದೆ ಅಂತ ನನಗೆ ಮೊದಲೇ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್, ಒಂಬತ್ತು ಜನ ಹುಡುಗರು. ಅದರಲ್ಲಿ ನಾಲ್ವರು ಕೊಪ್ಪಳ, ರಾಯಚೂರಿನವರು. ನಾನು ಒಂದು ಶಾಫ್ಟ್ ತಿರುಗಿಸಿದರೆ ಹೀಟ್ ಟ್ರೀಟ್‌ಮೆಂಟ್ ಎರಡು ರಸ್ತೆ ಆಚೆ, ಪ್ಲೇಟಿಂಗ್ ಹಿಂದಿನ ಗಲ್ಲಿ, ಟೂಲ್ ಬಿಟ್ ಮೂಲೆ ಅಂಗಡಿ. ಬೆಳಿಗ್ಗೆ ಡ್ರಾಯಿಂಗ್ ಬಂದರೆ ನಾಳಿದ್ದು ಮಾಲು ಕೊಡುತ್ತೇನೆ. ಇದನ್ನೇ ಸೇಡಂನಲ್ಲಿ ಮಾಡು ಅಂದರೆ ಪ್ರತಿ ಸಣ್ಣ ಕೆಲಸಕ್ಕೂ ಹೈದರಾಬಾದಿಗೆ ಓಡಬೇಕು. ಯಾರೋ ಮೋಸ ಮಾಡಿದ್ದರಿಂದ ಕೈಗಾರಿಕೆ ಇಲ್ಲಿ ಸೇರಿಕೊಂಡಿಲ್ಲ. ಒಂದು ಇದ್ದ ಕಡೆ ಇನ್ನೊಂದು ಬರುತ್ತದೆ, ಅಷ್ಟೇ.

ಅಂಕಿಗಳ_ಹಿಂದೆ
ಸೋಮವಾರ, ಬೆಳಿಗ್ಗೆ 11:10

ಪೀಣ್ಯದವರ ಮಾತು ಸರಿ. ಆದರೆ ಆ "ಒಂದು" ಮೊದಲು ಹೇಗೆ ಬಂತು ಅಂತಲೂ ನೋಡೋಣ. 1940ರಲ್ಲಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್ ಶುರುವಾದಾಗ ಮೈಸೂರು ಸಂಸ್ಥಾನದ ದುಡ್ಡು ಅದರಲ್ಲಿತ್ತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಯಂತ್ರ ತಯಾರಿಸುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ವಿಜ್ಞಾನ ಸಂಸ್ಥೆ ಅದಕ್ಕೂ ಮೊದಲು, 1909ರಲ್ಲಿ. ಈ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾ ಸಣ್ಣ ಶೆಡ್‌ಗಳು ಹುಟ್ಟಿದವು. ಇಲ್ಲಿ ಕಾಯಂ ಸಂಬಳ ತೆಗೆದುಕೊಂಡವರ ಮಕ್ಕಳು ಎಂಜಿನಿಯರಿಂಗ್ ಓದಿದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಕೈ ಪಳಗಿದ ಜನ ಸಿದ್ಧವಾಗಿದ್ದರು. ಸರ್ಕಾರದ ದುಡ್ಡು ನೆಟ್ಟ ಗಿಡ ಅದು. ನಮ್ಮ ಕಲ್ಯಾಣ ಕರ್ನಾಟಕದ ಬಹುಭಾಗ 1948ರ ತನಕ ನಿಜಾಮರ ಕೈಯಲ್ಲಿತ್ತು, ಆಮೇಲೆ ಹೈದರಾಬಾದ್ ರಾಜ್ಯದಲ್ಲಿತ್ತು, 1956ರಲ್ಲಿ ಈ ಕಡೆ ಸೇರಿತು. ಓಟ ಶುರುವಾದ ಮೇಲೆ ಬಂದು ಸೇರಿಕೊಂಡವರು.

2002ರಲ್ಲಿ, ಪ್ರದೇಶಗಳ ನಡುವಿನ ಅಸಮಾನತೆ ನೋಡೋಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳನ್ನು ಅಳೆದು ನೋಡಿತು. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದ್ದು. ದಕ್ಷಿಣದಲ್ಲೂ 13 ಇದ್ದವು ಅನ್ನೋದನ್ನು ನಾವು ಉತ್ತರದವರು ಮರೆಯಬಾರದು.

ಜೀನ್ಸ್_ಟೈಲರ್_ಬಳ್ಳಾರಿ
ಸೋಮವಾರ, ಮಧ್ಯಾಹ್ನ 3:45

ನನ್ನ ಊರಲ್ಲಿ ಎರಡು ಧಂದೆ ಅಕ್ಕಪಕ್ಕ ಇವೆ. ಒಂದು ಕಬ್ಬಿಣದ ಅದಿರು, ಇನ್ನೊಂದು ಜೀನ್ಸ್. ಎರಡನ್ನೂ ನೋಡಿ ಬೆಳೆದವನು, ಸ್ವಲ್ಪ ಉದ್ದ ಬರೆಯುತ್ತೇನೆ.

2003, 2004ರ ಹೊತ್ತಿಗೆ ಚೀನಾದವರು ಅದಿರು ಕೊಳ್ಳೋಕೆ ಶುರು ಮಾಡಿದರು. ದರ ಆಕಾಶಕ್ಕೆ ಹೋಯಿತು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಲಾರಿ ಸಾಲು ಮುಗಿಯುತ್ತಲೇ ಇರಲಿಲ್ಲ. ಮರದ ಎಲೆ ಕೆಂಪು, ಮನೆ ಗೋಡೆ ಕೆಂಪು. ಮೆಕ್ಕೆಜೋಳ ಬೆಳೆಯುತ್ತಿದ್ದವರು ಹೊಲದ ಮೇಲ್ಮಣ್ಣು ತೆಗೆದು ಅದಿರು ಮಾರಿದರು. ಸಾಲ ಮಾಡಿ ಟಿಪ್ಪರ್ ಕೊಂಡರು. ನನ್ನ ಚಿಕ್ಕಪ್ಪನೂ ಕೊಂಡ. ಆಮೇಲೆ 2010ರ ಜುಲೈಯಲ್ಲಿ ಸರ್ಕಾರ ರಫ್ತು ನಿಲ್ಲಿಸಿತು, 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಟಿ ಮಾಡಿದವರು ಹೇಗೋ ಉಳಿದುಕೊಂಡರು. ಚಿಕ್ಕಪ್ಪನ ಟಿಪ್ಪರ್ ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿ, ಢಾಬಾ, ಒಂದೇ ತಿಂಗಳಲ್ಲಿ ಎಲ್ಲ ಖಾಲಿ.

ಜೀನ್ಸ್ ಬೇರೆ ತರ. ನಮ್ಮ ಕೌಲ್ ಬಜಾರ್ ಕಡೆ ಬಂದರೆ ನೋಡಿ. ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಗುಂಡಿ, ದಾರ ಕತ್ತರಿಸುವುದು. ಆಮೇಲೆ ವಾಷಿಂಗ್ ಯೂನಿಟ್ಟು, ಇಸ್ತ್ರಿ, ಪ್ಯಾಕಿಂಗ್. ಒಂದು ಪ್ಯಾಂಟು ಹತ್ತಾರು ಕೈ ದಾಟುತ್ತದೆ. ಪ್ರತಿ ಕೈಗೂ ಪೀಸಿಗೆ ಇಷ್ಟು ಅಂತ ಬೀಳುತ್ತದೆ. ಕಡಿಮೆಯೇ. ಆದರೆ ಶನಿವಾರ ಬಟವಾಡೆ ಆದರೆ ಭಾನುವಾರ ಅದೇ ದುಡ್ಡು ಇದೇ ಬಜಾರಿನಲ್ಲಿ ಕಿರಾಣಿ, ಮಾಂಸ, ಶಾಲೆ ಫೀಸು ಆಗುತ್ತದೆ. ಎರಡು ಹೊಲಿಗೆ ಮಷಿನ್ ಇದ್ದರೆ ಒಬ್ಬ ಟೈಲರ್ ಮಾಲೀಕ ಆಗಬಹುದು. ನಾನು ಹಾಗೇ ಆದೆ. ಅದಿರಿನಲ್ಲಿ ಆ ದಾರಿ ಇಲ್ಲ.

ನಮ್ಮ ಧಂದೆಗೆ ಬೇಕಿರುವುದು ತೊಳೆದ ನೀರು ಶುದ್ಧ ಮಾಡುವ ಘಟಕ, ಕಡಿತ ಇಲ್ಲದ ಕರೆಂಟು, ಬ್ಯಾಂಕಿನ ಸಾಲ. ಹೂಡಿಕೆದಾರರ ಸಮ್ಮೇಳನದಲ್ಲಿ ಫೋಟೋ ತೆಗೆಸಿಕೊಳ್ಳುವಷ್ಟು ದೊಡ್ಡ ಮೊತ್ತ ಅಲ್ಲ ಇದು. ಅದಕ್ಕೇ ಯಾರಿಗೂ ಕಾಣಲ್ಲ ಅನಿಸುತ್ತದೆ.

ಪೀಣ್ಯ_ಲೇತ್
ಸೋಮವಾರ, ಸಂಜೆ 5:30

ಟೈಲರ್ ಅಣ್ಣ, ಇದು ಸತ್ಯವಾದ ಮಾತು. ನನ್ನ ಮೊದಲ ಲೇತ್ ಕೂಡ ಸೆಕೆಂಡ್ ಹ್ಯಾಂಡ್. ಸಾಲ ಕೊಟ್ಟಿದ್ದು ಸೊಸೈಟಿಯವರು. ಬ್ಯಾಂಕಿನವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದರು.

ಯಾದಗಿರಿ_ಮೇಷ್ಟ್ರು
ಸೋಮವಾರ, ರಾತ್ರಿ 8:40

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ನಾನು ಅದರಿಂದಲೇ ಕೆಲಸ ಪಡೆದವನು. ನಮ್ಮ ಭಾಗದಲ್ಲಿ ಸಿ ದರ್ಜೆ ಹುದ್ದೆಗಳಲ್ಲಿ ನೂರಕ್ಕೆ 80, ಡಿ ದರ್ಜೆಯಲ್ಲಿ 85 ಸ್ಥಳೀಯರಿಗೆ. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲೂ ಪಾಲು ಸಿಗುತ್ತದೆ. ನಮ್ಮ ಊರಿನ ಮೂರು ಮನೆಗೆ ಬೆಳಕು ಬಂದಿದ್ದು ಅದರಿಂದ.

ಆದರೆ ಅದು ಸರ್ಕಾರಿ ಕೆಲಸಕ್ಕೆ ಮಾತ್ರ. ಖಾಸಗಿ ಕಾರ್ಖಾನೆಯ ಗೇಟಿಗೆ ಅದು ನಡೆಯಲ್ಲ. ಖಾಸಗಿಯಲ್ಲೂ ಸ್ಥಳೀಯರಿಗೆ ಮೀಸಲು ಅಂತ 2024ರ ಜುಲೈಯಲ್ಲಿ ಮಸೂದೆ ಸಂಪುಟದಲ್ಲಿ ಒಪ್ಪಿಗೆ ಆಗಿತ್ತು, ಉದ್ಯಮದವರು ವಿರೋಧಿಸಿದ ಕೂಡಲೇ ತಡೆದರು. ಒಂದು ವೇಳೆ ಬಂದರೂ ಕಾರ್ಖಾನೆಯಲ್ಲಿ ಇರುವ ನೂರಿನ್ನೂರು ಕುರ್ಚಿಗಳು ಸಾವಿರ ಆಗಲ್ಲ ಅಲ್ವಾ? ಅಂಕಿಗಳ ಸರ್ ಹೇಳಿದ್ದು ಅಲ್ಲೇ ನಿಲ್ಲುತ್ತದೆ.

ಮದ್ದೂರಿನ_ಅಕ್ಕ
ಮಂಗಳವಾರ, ರಾತ್ರಿ 10:20

ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ತುಂಬ ಕೈ ಬೇಡುವ ಧಂದೆ ಬಂದರೆ ಎಲ್ಲ ಸರಿ ಹೋಗುತ್ತದೆ ಅನ್ನುವ ಹಾಗೆ ಮಾತು ಸಾಗುತ್ತಿದೆ. ನಾನು ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷದಿಂದ ಟೈಲರ್. ಮೊದಲು ಬೆಂಗಳೂರು, ಆಮೇಲೆ ಕಂಪನಿಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಕಡೆ ಬಂದವು, ನಾನೂ ಊರಿಗೆ ಬಂದೆ. ಯಾಕೆ ಬಂದವು ಅಂದರೆ, ಕನಿಷ್ಠ ವೇತನ ವಲಯದ ಪ್ರಕಾರ. ಸಣ್ಣ ಊರಿನಲ್ಲಿ ದರ ಕಡಿಮೆ. ಅದೇ ಪ್ಯಾಂಟು, ಅದೇ ಟಾರ್ಗೆಟ್ಟು, ನನ್ನ ಕೈಗೆ ಮಾತ್ರ ಬೆಂಗಳೂರಿನವಳಿಗಿಂತ ಕಡಿಮೆ.

ಇದರಿಂದ ನನಗೆ ಏನೂ ಸಿಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಗಳು ಡಿಗ್ರಿ ಓದುತ್ತಿದ್ದಾಳೆ. ಯಜಮಾನರ ಹತ್ತಿರ ದುಡ್ಡಿಗೆ ಕೈ ಚಾಚುವುದು ತಪ್ಪಿತು. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ನಮ್ಮ ಊರಿನ ಸುತ್ತ ಹತ್ತು ಹಳ್ಳಿ ಸುತ್ತಿ ಬರುತ್ತದೆ, ಬಸ್ಸಿನ ತುಂಬ ಹೆಂಗಸರು. ಸಂಬಳದ ವಾರ ಪೇಟೆ ನೋಡಬೇಕು, ಚೀಟಿ ಕಟ್ಟುವವರು, ಚಪ್ಪಲಿ ಕೊಳ್ಳುವವರು, ಚಿನ್ನದ ಅಂಗಡಿಯಲ್ಲಿ ಕಂತು ಕಟ್ಟುವವರು.

ಆದರೆ ನಮ್ಮ ಉಳಿತಾಯ ಅಂದರೆ ಪಿಎಫ್ ಒಂದೇ. ಕೆಲಸ ಬಿಟ್ಟಾಗ ಅದನ್ನು ತೆಗೆದು ಮಗಳ ಮದುವೆಗೋ, ಸಾಲಕ್ಕೋ ಹಾಕುತ್ತೇವೆ. 2016ರಲ್ಲಿ ಕಂಪನಿ ಪಾಲನ್ನು 58 ವಯಸ್ಸು ಆಗುವ ತನಕ ತೆಗೆಯುವಂತಿಲ್ಲ ಅಂತ ನಿಯಮ ತಂದರು. ಐವತ್ತೆಂಟರ ತನಕ ಯಾರು ಮಷಿನ್ ತುಳಿಯುತ್ತಾರೆ? ಏಪ್ರಿಲ್ 18, 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಕೂತರು. ನಾನೂ ಆಗ ಅಲ್ಲೇ ಇದ್ದೆ. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ವಾಪಸ್ ತೆಗೆದುಕೊಂಡಿತು. ನಮ್ಮನ್ನು ಯಾರೂ ಕರೆದಿರಲಿಲ್ಲ, ನಾವೇ ಬಂದಿದ್ದೆವು.

ಕಲಬುರಗಿ ಹತ್ತಿರ ಹೊನ್ನಕಿರಣಗಿಯಲ್ಲಿ 1,000 ಎಕರೆ ಜವಳಿ ಪಾರ್ಕ್ ಬರುತ್ತದೆ ಅಂತ ಓದಿದೆ. ಲಕ್ಷ ಜನಕ್ಕೆ ಕೆಲಸ ಅನ್ನುತ್ತಾರೆ. ಬರಲಿ, ಸಂತೋಷ. ಆದರೆ ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಮಗಿಂತಲೂ ಕಡಿಮೆ ಕೊಡೋಕೆ ಅಂತ ಬರಬಾರದು. ವಲಯದ ವೇತನದ ಪ್ರಶ್ನೆಯನ್ನು ಈಗಲೇ ಎತ್ತಿ. ಕೂಸಿನ ಮನೆ, ಶೌಚಾಲಯ, ಊರಿಗೆ ಬಸ್ಸು, ಇದನ್ನೂ ಕೇಳಿ. ಕಟ್ಟಡ ಎದ್ದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ.

ಗಿರಣಿ_ಓಣಿ
ಬುಧವಾರ, ಬೆಳಿಗ್ಗೆ 8:15

ದಾವಣಗೆರೆಯಿಂದ ನಮಸ್ಕಾರ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ನಮ್ಮ ತಾತ ಮಿಲ್ಲಿನಲ್ಲಿ ಕಾಯಂ ಕೆಲಸಗಾರರು, ಸೈರನ್ ಕೂಗಿದರೆ ಇಡೀ ಓಣಿ ಎದ್ದೇಳುತ್ತಿತ್ತು ಅಂತ ಅಜ್ಜಿ ಹೇಳುತ್ತಾರೆ. ಮಿಲ್ಲುಗಳು ಒಂದೊಂದೇ ಮುಚ್ಚಿದ ಮೇಲೆ ಊರು ಸಾಯಲಿಲ್ಲ. ಕಾಲೇಜು, ಆಸ್ಪತ್ರೆ, ಹಾಸ್ಟೆಲ್ಲು ಬಂದವು, ಹೊರಗಿನ ಹುಡುಗರು ದುಡ್ಡು ತಂದರು. ಆದರೆ ತಾತನ ಕೆಲಸಕ್ಕೆ ಓದು ಬೇಕಿರಲಿಲ್ಲ, ಕಾಯಂ ಇತ್ತು, ಯೂನಿಯನ್ ಇತ್ತು. ಹೊಸ ಧಂದೆಯಲ್ಲಿ ಒಳ್ಳೆ ಸಂಬಳ ಓದಿದವರಿಗೆ ಮಾತ್ರ. ನಮ್ಮ ಓಣಿಯವರಿಗೆ ಸಿಕ್ಕಿದ್ದು ಮಂಡಕ್ಕಿ ಭಟ್ಟಿ, ಹಮಾಲಿ, ಆಟೋ. ಊರಿನ ಆದಾಯ ಮೇಲೆ ಹೋಯಿತು, ಓಣಿಯದು ಇಳಿಯಿತು.

ಮಾರಿಕುಪ್ಪಂ_ಲೋಕಲ್
ಬುಧವಾರ, ಬೆಳಿಗ್ಗೆ 9:00

ನಮ್ಮಲ್ಲಿ ಮುಖ್ಯ ಧಂದೆ ಒಂದೇ ಇತ್ತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದರು. ಅವತ್ತಿನಿಂದ ಕೆಜಿಎಫ್‌ನ ಗಂಡಸರು, ಹೆಂಗಸರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್. ಈ ಪೋಸ್ಟ್ ಕೂಡ ರೈಲಿನಲ್ಲಿ ನಿಂತುಕೊಂಡೇ ಬರೆದೆ. ಕಾಗಿಣಾ ಅಣ್ಣ, ಕಲ್ಲು ಖಾಲಿ ಆದ ಮೇಲೆ ಏನು ಅಂತ ಆ ಕಂಪನಿಯವರನ್ನು ಕೇಳಿ. ಎಷ್ಟು ವರ್ಷದ ಗಣಿ ಅಂತ ಬರೆದು ಕೊಡಲಿ.

ಬೇಳೆ_ಗಿರಣಿ
ಬುಧವಾರ, ಮಧ್ಯಾಹ್ನ 2:30

ಸೇಡಂನವರ ಹೊಲದ ತೊಗರಿ ನನ್ನ ಗಿರಣಿಗೆ ಬಂದಿದ್ದರೂ ಇರಬಹುದು, ಅದಕ್ಕೆ ಮಾತಾಡಲೇಬೇಕು. ಕಲಬುರಗಿಯಲ್ಲಿ ಬೇಳೆ ಗಿರಣಿ ನಡೆಸುತ್ತೇನೆ. 14 ಜನ ದುಡಿಯುತ್ತಾರೆ, ಎಲ್ಲರೂ ಜಿಲ್ಲೆಯವರೇ.

ನಮ್ಮ ತೊಗರಿಗೆ 2019ರಲ್ಲಿ ಜಿಐ ಗುರುತು, ಅಂದರೆ ಈ ನೆಲದ್ದೇ ಮಾಲು ಅನ್ನುವ ಭೌಗೋಳಿಕ ಗುರುತು ಸಿಕ್ಕಿತು. ಸುಣ್ಣದ ಅಂಶ ಇರುವ ನಮ್ಮ ಕಪ್ಪು ಮಣ್ಣಿನ ರುಚಿ ಅದು. ನೋಡಿ, ಸಿಮೆಂಟಿಗೆ ಬೇಕಾದ ಕಲ್ಲು, ತೊಗರಿಗೆ ಬೇಕಾದ ಮಣ್ಣು, ಎರಡೂ ಒಂದೇ ನೆಲದಲ್ಲಿ. ಕಾಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಒಣಗಿಸಿ, ಸಿಪ್ಪೆ ತೆಗೆದು ಒಡೆಯುತ್ತೇವೆ. ಕ್ವಿಂಟಲ್ ಕಾಳಿಗೆ ಸುಮಾರು 70 ಕೆ.ಜಿ. ಬೇಳೆ. ಹೊಟ್ಟು, ನುಚ್ಚು ದನಕ್ಕೆ. ಬೀಜದ ಅಂಗಡಿ, ಹೊಲದ ಕೂಲಿ, ಟ್ರ್ಯಾಕ್ಟರ್, ಅಡತ್ ಅಂಗಡಿ, ಹಮಾಲರು, ಗೋಣಿಚೀಲ, ಗಿರಣಿ, ಇಷ್ಟು ಕಡೆ ಒಂದೇ ಕಾಳು ಕೂಲಿ ಕೊಡುತ್ತಾ ಹೋಗುತ್ತದೆ.

ಆದರೆ ನಮ್ಮ ಊರಿನಲ್ಲೇ ಎಷ್ಟೋ ಗಿರಣಿ ಬಾಗಿಲು ಹಾಕಿವೆ. ಮಾಲು ಬರುವುದು ಜನವರಿಯಿಂದ ಎರಡು ಮೂರು ತಿಂಗಳು. ವರ್ಷಪೂರ್ತಿ ಓಡಿಸಬೇಕಂದರೆ ಆಗಲೇ ಕೊಂಡು ಇಡಬೇಕು. ಅಷ್ಟು ಸಾಲ ಸಣ್ಣವರಿಗೆ ಸಿಗಲ್ಲ. ಕಾಳು ಲಾತೂರು, ಅಕೋಲಾ ಕಡೆ ಹೋಗಿ ಅಲ್ಲಿ ಬೇಳೆ ಆಗುತ್ತದೆ. 2021ರ ಮೇ ತಿಂಗಳಿಂದ ಹೊರದೇಶದ ತೊಗರಿಗೂ ಬಾಗಿಲು ತೆಗೆದಿದ್ದಾರೆ. ಮ್ಯಾನ್ಮಾರ್, ಆಫ್ರಿಕಾದ ಮಾಲು ಬಂದರಿನಲ್ಲಿ ಇಳಿದ ದಿನ ನಮ್ಮ ಮಂಡಿಯಲ್ಲಿ ದರ ಅಲ್ಲಾಡುತ್ತದೆ. ಪಟ್ಟಣದವರಿಗೆ ಬೇಳೆ ಅಗ್ಗ ಸಿಗಬೇಕು, ಒಪ್ಪುತ್ತೇನೆ. ಅದರ ಭಾರ ಮಾತ್ರ ಸೇಡಂನ ಆರು ಎಕರೆಯವರ ತಲೆ ಮೇಲೆ ಬೀಳುತ್ತದೆ. ಆಮೇಲೆ ಅವರು ಹೊಲ ಮಾರುತ್ತಾರೆ.

ಅಂಕಿಗಳ_ಹಿಂದೆ
ಬುಧವಾರ, ಸಂಜೆ 7:00

ಕಾಗಿಣಾ ಅವರೇ, ಈಗ ಮಾಡಬಹುದಾದ ಕೆಲಸದ ಬಗ್ಗೆ ಹೇಳುತ್ತೇನೆ. ದೊಡ್ಡ ಗಣಿಯಾದರೆ ಪರಿಸರ ಒಪ್ಪಿಗೆಗೆ ಮೊದಲು ಸಾರ್ವಜನಿಕ ಆಲಿಕೆ ಸಭೆ ನಡೆಸಬೇಕು. 2006ರ ಅಧಿಸೂಚನೆ ಪ್ರಕಾರ ಮೂವತ್ತು ದಿನ ಮೊದಲೇ ಪೇಪರಿನಲ್ಲಿ ತಿಳಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅದನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಒಟ್ಟು ಬಂಡವಾಳ, ಕಾಯಂ ಹುದ್ದೆ, ಗುತ್ತಿಗೆ ಹುದ್ದೆ, ಗಣಿಯ ಆಯುಷ್ಯ ನಾಲ್ಕನ್ನೂ ಹುಡುಕಿ. ಬಂಡವಾಳವನ್ನು ಕಾಯಂ ಹುದ್ದೆಯಿಂದ ಭಾಗಿಸಿ. ಬಂದ ಉತ್ತರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ.

ಇನ್ನೊಂದು ಇದೆ. ಗಣಿ ಕಾಯ್ದೆಗೆ ಆದ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂತು. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ (ರಾಯಲ್ಟಿ) ಮೇಲೆ, ಹಳೆಯ ಗುತ್ತಿಗೆಯಾದರೆ ಅದರ ನೂರಕ್ಕೆ 30, ಹರಾಜಿನಲ್ಲಿ ಪಡೆದದ್ದಾದರೆ 10, ಈ ನಿಧಿಗೆ ಕೊಡಬೇಕು. ಅದು ಗಣಿಯಿಂದ ತೊಂದರೆ ಆದ ಊರುಗಳ ನೀರು, ಆರೋಗ್ಯ, ಶಾಲೆ, ಕೌಶಲ್ಯಕ್ಕೆ. ತೊಂದರೆ ಆದವರು ಅಂದರೆ ಹೊಲ ಕೊಟ್ಟವರಷ್ಟೇ ಅಲ್ಲ. ಆ ಹೊಲದಲ್ಲಿ ಕೂಲಿ ಮಾಡಿದವರ ಬದುಕು ಕೂಡ ಅದರಲ್ಲಿ ಸೇರಬೇಕು. ಪಾವಗಡದ ಮಗಳು ಹೇಳಿದ್ದು ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ.

ಕಾಗಿಣಾ_ದಂಡೆ
ಹತ್ತೊಂಬತ್ತು ದಿನಗಳ ನಂತರ, ರಾತ್ರಿ 9:10

ಎಲ್ಲರೂ ಕೇಳುತ್ತಿದ್ದಿರಿ, ತಡವಾಗಿ ಬರೆಯುತ್ತಿದ್ದೇನೆ.

ಸಾರಾಂಶ ಕೇಳೋಕೆ ಜಿಲ್ಲಾ ಕೇಂದ್ರಕ್ಕೆ ಎರಡು ಸಲ ಹೋದೆ. ಎರಡನೇ ಸಲ ಸಿಕ್ಕಿತು. ಮೇಷ್ಟ್ರು ಒಬ್ಬರನ್ನು ಕೂರಿಸಿಕೊಂಡು ಭಾಗಾಕಾರ ಮಾಡಿದೆವು. ಉತ್ತರ ಅಂಕಿಗಳ ಸರ್ ಹೇಳಿದ ಹಾಗೇ ಬಂತು, ಕೋಟಿಗೆ ಒಂದು ಕಾಯಂ ಕೆಲಸವೂ ಇಲ್ಲ. ತಮ್ಮನಿಗೆ ಅದರ ಫೋಟೋ ಕಳಿಸಿದೆ. ಅವನು ತುಂಬ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ "ಹಂಗಾರ ಗುತ್ತಿಗೆಗೆ ಕೊಟ್ರ?" ಅಂತ ಕೇಳಿದ. ಮಾರುವ ಮಾತು ಬಿಟ್ಟು ಗುತ್ತಿಗೆ ಮಾತಿಗೆ ಬಂದಿದ್ದಾನೆ. ಅಪ್ಪನಿಗೆ ಅದೂ ಇಷ್ಟ ಇಲ್ಲ. ಗಣಿ ತೋಡಿದ ಮೇಲೆ ವಾಪಸ್ ಬರುವುದು ಹೊಲ ಅಲ್ಲ, ಗುಂಡಿ ಅನ್ನುತ್ತಾರೆ. ಪಾವಗಡದ ಸೋಲಾರ್ ಗುತ್ತಿಗೆಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಅಪ್ಪ ಒಂದೇ ಮಾತಿನಲ್ಲಿ ಹೇಳಿದರು.

ಪಂಚಾಯ್ತಿ ಕಟ್ಟೆಯಲ್ಲಿ ಹೋದ ವಾರ ಕೂತಿದ್ದೆವು. ಹೊಲ ಇದ್ದವರಷ್ಟೇ ಬರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನು ಹಿಂದಿನ ದಿನ ಪಕ್ಕದ ಓಣಿಗೆ ಹೋಗಿ ನಮ್ಮ ಹೊಲಕ್ಕೆ ಬರುವ ಎಂಟೂ ಜನರನ್ನು ಕರೆದಿದ್ದೆ. ಆರು ಜನ ಬಂದರು, ಹಿಂದೆ ನಿಂತರು. ಒಬ್ಬ ಅಜ್ಜಿ, ನನ್ನನ್ನು ಎತ್ತಿ ಆಡಿಸಿದವರು, ವರ್ಷದಲ್ಲಿ ನಮ್ಮ ಊರಿನ ಹೊಲಗಳಲ್ಲಿ ಎಷ್ಟು ದಿನ ಕೂಲಿ ಸಿಗುತ್ತದೆ ಅಂತ ಬೆರಳು ಮಡಚಿ ಹೇಳಿದರು. ಬಿತ್ತನೆ, ಎರಡು ಕಳೆ, ಕುಡಿ ಚಿವುಟುವುದು, ಕೊಯ್ಲು, ರಾಶಿ. ಆ ಲೆಕ್ಕ ಕಂಪನಿಯ ವರದಿಯಲ್ಲಿ ಎಲ್ಲೂ ಇಲ್ಲ. ಅದನ್ನು ಬರೆದುಕೊಂಡಿದ್ದೇವೆ, ಆಲಿಕೆ ಸಭೆಗೆ ಅವರ ಹೆಬ್ಬೆಟ್ಟಿನ ಸಮೇತ ಕೊಡುತ್ತೇವೆ. ಗಣಿಯ ಆಯುಷ್ಯದ ಪ್ರಶ್ನೆ, ಖನಿಜ ನಿಧಿಯ ಪ್ರಶ್ನೆ ಕೂಡ ಅದರಲ್ಲಿದೆ. ಮದ್ದೂರಿನ ಅಕ್ಕಾರೆ, ಜವಳಿ ಪಾರ್ಕಿನ ವೇತನದ ಬಗ್ಗೆ ಬೇರೆ ಅರ್ಜಿ ಬರೆಯುತ್ತಿದ್ದೇವೆ, ಕರಡು ನಿಮಗೆ ಕಳಿಸುತ್ತೇನೆ, ತಿದ್ದಿ ಕೊಡಿ.

ಬೇಳೆ ಗಿರಣಿ ಅಣ್ಣಾರೆ, ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು. ನಮ್ಮ ಊರಿನ ಹದಿನೈದು ಮನೆಯವರು ಸೇರಿ ಸಣ್ಣ ಗಿರಣಿ ಹಾಕಿದರೆ ಓಡುತ್ತದಾ? ತಮ್ಮ ಫಿಟ್ಟರ್, ಮಷಿನ್ ನೋಡಿಕೊಳ್ಳಬಲ್ಲ. ರಾಶಿಗೆ ಅಂತ ಡಿಸೆಂಬರ್ ಕೊನೆಗೆ ಊರಿಗೆ ಬರುತ್ತಾನೆ. ಅವನನ್ನು ಕರೆದುಕೊಂಡು ನಿಮ್ಮ ಗಿರಣಿಗೆ ಬರಬಹುದಾ?

ಬೇಳೆ_ಗಿರಣಿ
ಅದೇ ದಿನ, ರಾತ್ರಿ 9:35

ಬರ್ರಿ. ಜನವರಿ ಮೊದಲ ವಾರ ಬಂದರೆ ಮಷಿನ್ ಓಡುತ್ತಿರುತ್ತದೆ, ಕಣ್ಣಾರೆ ನೋಡಬಹುದು. ಬರುವಾಗ ನಿಮ್ಮ ಹೊಲದ ತೊಗರಿ ಒಂದು ಚೀಲ ತನ್ನಿ, ಒಡೆದು ಎಷ್ಟು ಬೇಳೆ ಬರುತ್ತದೆ ಅಂತ ಲೆಕ್ಕ ಹಾಕೋಣ.